ಹಾಡು ಬರೆದವರ ಹೆಸರನ್ನೂ ಹೇಳಿ

ಮಾನ್ಯ ಸಂಪಾದಕರೇ,

‘ವಿದೌಟ್ ಯೂ’ ಎಂಬ ಇಂಗ್ಲಿಷ್ ಹಾಡು ಎಂದ ಕೂಡಲೇ ಬಹಳ ಜನರಿಗೆ ಗಾಯಕಿ ಮರಾಯಾ ಕ್ಯಾರಿ ನೆನಪಾಗುತ್ತಾರೆ. ಸ್ವಲ್ಪ ಹಿರಿಯರಿಗೆ ಗಾಯಕ ಹ್ಯಾರಿ ನಿಲ್ಸನ್. ಆದರೆ ಹಾಡು ಬರೆದವರು ಬ್ಯಾಡ್‌ಫಿಂಗರ್ ಎಂಬ ಬ್ರಿಟಿಷ್ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಎವನ್ಸ್. ಹ್ಯಾಮ್ ಬಳಿ ಚರಣಗಳಿದ್ದವು, ಎವನ್ಸ್ ಬಳಿ ಒಳ್ಳೆಯ ಪಲ್ಲವಿ ಇತ್ತು. ಎರಡನ್ನೂ ಜೋಡಿಸಿದರು. 1970ರ ‘ನೋ ಡೈಸ್’ ಆಲ್ಬಂನಲ್ಲಿ ಅದು ಹತ್ತರಲ್ಲಿ ಹನ್ನೊಂದಾಗಿ ಉಳಿದುಬಿಟ್ಟಿತು.

ನಿಲ್ಸನ್ ಮೊದಲ ಸಲ ಕೇಳಿದಾಗ ಬೀಟಲ್ಸ್ ಹಾಡು ಅಂದುಕೊಂಡಿದ್ದರಂತೆ. 1971ರಲ್ಲಿ ಅವರು ಹಾಡಿದ್ದು ಮುಂದಿನ ವರ್ಷ ಅಮೆರಿಕ, ಬ್ರಿಟನ್ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1994ರಲ್ಲಿ ಕ್ಯಾರಿ ಬ್ರಿಟನ್‌ನಲ್ಲಿ ಅದನ್ನು ಮತ್ತೆ ಅಲ್ಲಿಗೇ ಮುಟ್ಟಿಸಿದರು. ಅದೇ ವರ್ಷದ ಜನವರಿಯಲ್ಲಿ ನಿಲ್ಸನ್ ತೀರಿಕೊಂಡರು. ನನಗೆ ನಿಲ್ಸನ್ ಹಾಡಿದ್ದೇ ಜಾಸ್ತಿ ಇಷ್ಟ. ಮೆಲ್ಲಗೆ ಶುರುವಾಗಿ ಪಲ್ಲವಿಯಲ್ಲಿ ಆ ದನಿ ಒಮ್ಮೆಗೇ ಮೇಲೇರುವುದನ್ನು ಕೇಳಿದರೆ ಎದೆ ಹಿಂಡುತ್ತದೆ.

ಬರೆದವರ ಕಥೆ ಮಾತ್ರ ಬಹಳ ನೋವಿನದು. ಹಣಕಾಸಿನ ಮೋಸದಿಂದ ಕಂಗೆಟ್ಟ ಹ್ಯಾಮ್ 1975ರಲ್ಲಿ, 27ನೇ ವಯಸ್ಸಿನಲ್ಲಿ ಜೀವ ಕಳೆದುಕೊಂಡರು. ಇದೇ ಹಾಡಿನ ರಾಯಲ್ಟಿ ಜಗಳ ಮುಗಿಯದಿರುವಾಗಲೇ 1983ರಲ್ಲಿ ಎವನ್ಸ್ ಕೂಡ ಅದೇ ದಾರಿ ಹಿಡಿದರು. ಲೋಕವೆಲ್ಲ ಹಾಡಿದ ಹಾಡಿನಿಂದ ಅವರಿಗೆ ನೆಮ್ಮದಿ ಸಿಗಲಿಲ್ಲ. ಹೆಸರಾದರೂ ಸಿಗಬೇಕಲ್ವಾ?

ರೇಡಿಯೊ ನಿರೂಪಕರು ಇಂಥ ಹಾಡು ಹಾಕುವಾಗ ಹಾಡಿದವರ ಜೊತೆ ಬರೆದವರ ಹೆಸರನ್ನೂ ಹೇಳಲಿ. ಅದಕ್ಕೆ ಐದು ಸೆಕೆಂಡೂ ಬೇಡ. ನಿಮ್ಮ ಪತ್ರಿಕೆಯ ಸಂಗೀತದ ಬರಹಗಳಲ್ಲೂ ಹಾಗೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಧಾರವಾಡ