ಗೆಳೆಯಾ, ಕರ್ನಲ್ ಸಾಹೇಬರು ಹೇಗಿದ್ದಾರೆ?

ಪ್ರಿಯ ಗೆಳೆಯಾ,

ನಿನ್ನ ಮೆಸೇಜು ಬಂದಾಗ ರಾತ್ರಿ ಹನ್ನೆರಡು ದಾಟಿತ್ತು. ಎರಡೇ ಪದ: ‘ಮತ್ತೆ ಆಯ್ತು.’ ಏನಾಯ್ತು ಅಂತ ಕೇಳಬೇಕಾಗಿರಲಿಲ್ಲ. ರಾತ್ರಿ ಹೊತ್ತು ಕೈಮೀರಿ ತಿನ್ನಿಸುವ ಆ ಸೆಳೆತಕ್ಕೆ ತಾನೇ ನಾವು ‘ಕರ್ನಲ್ ಸಾಹೇಬರು’ ಅನ್ನುವುದು. ಉತ್ತರವನ್ನು ನಾಲ್ಕು ಜನ ಓದುವ ಹಾಗೆ ಬರೆಯಲಾ ಅಂದಾಗ ‘ಹೆಸರು ಹಾಕಬೇಡ, ಹಳದಿ ಡಬ್ಬದ ಸುದ್ದಿ ಎತ್ತಬೇಡ, ಉಳಿದದ್ದು ನಿನ್ನಿಷ್ಟ’ ಅಂದೆ. ಹೆಸರು ಹಾಕಿಲ್ಲ. ಡಬ್ಬದ ಬಗ್ಗೆ ಮಾತ್ರ ಭಾಷೆ ಕೊಡಲಾರೆ.

ಮೊದಲು ನೀನು ಕೇಳಿದ್ದಕ್ಕೆ ಬರುತ್ತೇನೆ: ಇದು ಕಾಯಿಲೆಯಾ, ಹೊಟ್ಟೆಬಾಕತನವಾ? ಹೆಚ್ಚು ತಿನ್ನುವವರನ್ನು ಬೈಯಲು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ತಿಂಡಿಪೋತ, ಹೊಟ್ಟೆಬಾಕ, ಬಕಾಸುರ, ಬಾಯಿಚಪಲದವನು. ಆದರೆ ನಿನಗೆ ಆಗುತ್ತಿರುವುದನ್ನು ಹೇಳುವ ಪದ ಇವುಗಳಲ್ಲಿ ಒಂದೂ ಇಲ್ಲ. ಅದಕ್ಕೇ ‘ಬಿಂಜ್’ ಅನ್ನೋಣ. 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯ ಇದನ್ನು ಗುರುತಿಸಿ ಬರೆದ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ಸುಮಾರು ಎರಡು ಗಂಟೆಯೊಳಗೆ, ಅದೇ ಹೊತ್ತಿನಲ್ಲಿ ಬೇರೆಯವರು ತಿನ್ನುವುದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ತಿನ್ನುವುದು. ನಿಲ್ಲಿಸಬೇಕು ಅನ್ನಿಸಿದರೂ ನಿಲ್ಲಿಸಲಾಗದಿರುವುದು. ಜೊತೆಗೆ ಗಬಗಬ ತಿನ್ನುವುದು, ಹೊಟ್ಟೆ ಬಿರಿಯುವವರೆಗೆ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನಾಚಿಕೆಗೆ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೆ ತಮಗೇ ಹೇಸಿಗೆ: ಈ ಐದರಲ್ಲಿ ಮೂರಾದರೂ ಇರಬೇಕು. ಸರಾಸರಿ ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ಆಗಿರಬೇಕು, ಅದರಿಂದ ಸಂಕಟವೂ ಆಗುತ್ತಿರಬೇಕು. ಮದುವೆ ಮನೆಯಲ್ಲಿ ಎರಡು ಸಲ ಬಡಿಸಿಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ. ಈ ಪತ್ರ ಓದುತ್ತಾ ಬೆರಳು ಮಡಚುತ್ತಿರುವ ಉಳಿದವರಿಗೂ ಇದನ್ನು ಹೇಳಿದೆ.

ಇನ್ನು ನೀನು ಕಳಿಸಿದ ಪುಟ. ಅದನ್ನು ನಾಲ್ಕು ಸಲ ಓದಿದೆ. ಇಲ್ಲಿ ಹಾಕುತ್ತಿದ್ದೇನೆ, ಕ್ಷಮಿಸು:

8.15 – ಕಾಫಿ. ಅಡುಗೆಮನೆಯಲ್ಲಿ, ನಿಂತು.
1.40 – ಸಲಾಡ್. ಮೇಜಿನಲ್ಲಿ, ಕೆಲಸ ಮಾಡುತ್ತಾ.
5.30 – ಎಲ್ಲರೂ ತಿಂದರು. ಬೇಡ ಅಂದೆ. ಹೆಮ್ಮೆಯಾಯ್ತು.
9.00 – ಅರ್ಧ ಊಟ.
11.40 – ಬಿಸ್ಕತ್ತು ಒಂದು ಪ್ಯಾಕೆಟ್. ಐಸ್‌ಕ್ರೀಂ, ಡಬ್ಬದಿಂದಲೇ. ಬ್ರೆಡ್ಡು ಎಷ್ಟೋ. ನಿಂತೇ. ದೀಪ ಹಾಕಲಿಲ್ಲ. ★

ನೀನು 11.40ರ ಸಾಲಿಗೆ ಮೂರು ಸಲ ಗೆರೆ ಎಳೆದಿದ್ದೀಯ. ನಾನಾಗಿದ್ದರೆ 8.15ಕ್ಕೆ ಎಳೆಯುತ್ತಿದ್ದೆ, ಆಮೇಲೆ 5.30ಕ್ಕೆ. ಕರ್ನಲ್ ಸಾಹೇಬರು ರಾತ್ರಿ ಹನ್ನೊಂದೂವರೆಗೆ ಗಸ್ತಿಗೆ ಬರುತ್ತಾರೆ, ನಿಜ. ಅವರಿಗೆ ಆಹ್ವಾನ ಹೋಗಿರುವುದು ಬೆಳಿಗ್ಗೆಯೇ.

1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಹುಡುಗರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟ. ಅವರೇ ಒಪ್ಪಿ ಬಂದವರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಅದು ನಿರೀಕ್ಷಿಸಿದ್ದೇ. ವಿಚಿತ್ರ ಏನೆಂದರೆ, ಊಟ ಬಿಟ್ಟು ಬೇರೆ ಯೋಚನೆಯೇ ಅವರ ತಲೆಯಲ್ಲಿ ಉಳಿಯಲಿಲ್ಲ. ಕೂತು ಅಡುಗೆ ಪುಸ್ತಕ ಓದಿದರು. ಮತ್ತೆ ಊಟ ಸಿಕ್ಕಾಗ ಕೆಲವರು ಹೊಟ್ಟೆ ಕೆಡುವಷ್ಟು ತಿಂದರು, ತಿಂದ ಮೇಲೂ ಹಸಿವು ಅಂದರು. ಇಷ್ಟೂ ಜನ ಹುಟ್ಟಾ ಹೊಟ್ಟೆಬಾಕರಾ? ಉಪವಾಸ ಬಿದ್ದ ದೇಹ ಮಾಡುವುದೇ ಹಾಗೆ. ನೀನು ಹಗಲೆಲ್ಲ ಒಂದು ಸಣ್ಣ ಮಿನ್ನೆಸೋಟಾ ನಡೆಸಿ ರಾತ್ರಿ ಅದರ ಫಲಿತಾಂಶ ನೋಡಿ ಬೆಚ್ಚಿಬೀಳುತ್ತೀಯ.

ಇದಕ್ಕೆ ಮನಸ್ಸಿನ ಲೆಕ್ಕವೂ ಸೇರುತ್ತದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬಿಬ್ಬರು ಒಂದಷ್ಟು ಜನಕ್ಕೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ರುಚಿ ನೋಡಿ ಅಂದರು. ಸಾಮಾನ್ಯರು ಹೊಟ್ಟೆ ತುಂಬಿದ್ದಕ್ಕೆ ಐಸ್‌ಕ್ರೀಂ ಕಡಿಮೆ ತಿಂದರು. ತೂಕದ ಚಿಂತೆಯಲ್ಲಿ ಪಥ್ಯ ಮಾಡುವವರು ಮಿಲ್ಕ್‌ಶೇಕ್ ಕುಡಿಯದಿದ್ದಾಗ ತಿಂದದ್ದಕ್ಕಿಂತ ಹೆಚ್ಚು ತಿಂದರು. ವ್ರತ ಕೆಟ್ಟಿತಲ್ಲ, ಇನ್ನೇನು ಅಂತ. ಮುಳುಗಿದವನಿಗೆ ಚಳಿಯೇನು, ಮಳೆಯೇನು. ನಿನ್ನ ಒಂದು ಬಿಸ್ಕತ್ತು ಒಂದು ಪ್ಯಾಕೆಟ್ ಆಗುವುದು ಈ ಸಂದಿಯಲ್ಲೇ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಗಡಿಯಾರದಿಂದ. ಮೂರು ಊಟ, ನಡುವೆ ಎರಡು ಸಲ ಸಣ್ಣ ತಿಂಡಿ. ಎರಡರ ನಡುವೆ ನಾಲ್ಕು ಗಂಟೆ ದಾಟಬಾರದು. 8, 11, 1.30, 5, 8.30 ಅಂತಿಟ್ಟುಕೋ. ನೀನು ಗೂಬೆಯ ಜಾತಿ, ನಡುರಾತ್ರಿವರೆಗೆ ಎಚ್ಚರವಿರುವವನು, ಅದಕ್ಕೇ 10.45ಕ್ಕೆ ಇನ್ನೊಂದು ಸಣ್ಣದನ್ನು ಸೇರಿಸು. ಆ ಹೊತ್ತಿಗೆ ಹಸಿವಿದ್ದರೂ ತಿನ್ನು, ಇಲ್ಲದಿದ್ದರೂ ತಿನ್ನು. ‘ದೇಹದ ಮಾತು ಕೇಳು’ ಎಂಬ ಉಪದೇಶ ಸದ್ಯಕ್ಕೆ ಬೇಡ. ಇಷ್ಟು ದಿನ ಉಪವಾಸ, ಬಿಂಜ್ ಅಂತ ಎಳೆದಾಡಿದ ದೇಹ ಈಗ ತಪ್ಪು ಸಿಗ್ನಲ್ ಕೊಡುತ್ತದೆ. ಸರಿಹೋಗಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಏನು ತಿನ್ನಬೇಕು ಅಂತಲೂ ಈಗ ತಲೆ ಕೆಡಿಸಿಕೊಳ್ಳಬೇಡ. ಯಾವಾಗ ತಿನ್ನಬೇಕು ಅನ್ನುವುದೊಂದೇ ಈಗಿನ ಪಾಠ.

ಇದು ಕೆಡುವುದು ಎಲ್ಲಿ ಗೊತ್ತಾ? ಊಟ ಅಂತ ಬರೆದು ಅರ್ಧ ಹಣ್ಣು ತಿನ್ನುವಲ್ಲಿ. ನಿನ್ನ 1.40ರ ಸಲಾಡ್ ಊಟವಲ್ಲ, ಅಲಂಕಾರ. ಒಬ್ಬ ಸಾಮಾನ್ಯ ಮನುಷ್ಯನ ತಟ್ಟೆಯಲ್ಲಿ ಎಷ್ಟಿರುತ್ತದೋ ಅಷ್ಟಿರಬೇಕು. ಇನ್ನೊಂದು ಕಡೆ ಕೆಡುವುದು ರಜೆಯ ದಿನ. ತಡವಾಗಿ ಎದ್ದು ಮೊದಲ ತಿಂಡಿ ಹಾರಿಸಿದರೆ ಇಡೀ ದಿನದ ಸಾಲು ಕುಸಿಯುತ್ತದೆ. ಎಷ್ಟೊತ್ತಿಗೇ ಏಳು, ಎದ್ದ ಒಂದು ಗಂಟೆಯೊಳಗೆ ಮೊದಲನೆಯದು ಮುಗಿದಿರಬೇಕು.

ಪುಸ್ತಕದಲ್ಲಿ ಬರೆಯುವುದನ್ನು ಬಿಡಬೇಡ, ಆದರೆ ತಿಂದ ಕೂಡಲೇ ಬರೆ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಅದು ತಪ್ಪೊಪ್ಪಿಗೆಯಾಗುತ್ತದೆ, ದಾಖಲೆಯಾಗುವುದಿಲ್ಲ. ಸಮಯ, ತಿಂದದ್ದು, ಜಾಗ, ಕೈಮೀರಿತು ಅನ್ನಿಸಿದರೆ ನಕ್ಷತ್ರ, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಾಲು. ಕ್ಯಾಲೊರಿ ಕಾಲಂ ಮಾತ್ರ ಬೇಡವೇ ಬೇಡ. ಆ ಅಂಕಿ ಸಿಕ್ಕರೆ ಸಾಕು, ಮರುದಿನ ಕಳೆಯುವ ಲೆಕ್ಕ ಶುರು.

ಸೆಳೆತ ಬಂದಾಗ ಏನು ಮಾಡಲಿ ಅಂದೆ. ಮೊದಲು ಗಡಿಯಾರ ನೋಡು. ತಿಂದು ನಾಲ್ಕು ಗಂಟೆ ದಾಟಿದ್ದರೆ ಅದು ಹಸಿವು. ಅದರ ಜೊತೆ ಹೋರಾಡಬೇಡ. ತಟ್ಟೆಗೆ ಹಾಕಿಕೊಂಡು, ದೀಪ ಹಾಕಿಕೊಂಡು, ಕೂತು ತಿನ್ನು. ತಿಂದು ಒಂದೇ ಗಂಟೆಯಾಗಿದ್ದರೆ ಅದು ಬೇರೆ ಏನೋ. ಅದು ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಎರಡೂ ಕೈಗೆ ಕೆಲಸ ಬೇಕು: ಸ್ನಾನ, ಇಸ್ತ್ರಿ, ಹೊರಗೆ ಒಂದು ಸುತ್ತು ನಡಿಗೆ, ಯಾರಿಗಾದರೂ ಫೋನು. ಟಿವಿ ಆಗದು, ಮೊಬೈಲು ಉಜ್ಜುವುದಂತೂ ಆಗಲೇ ಆಗದು. ಒಂದು ಕೈ ಖಾಲಿ ಇದ್ದರೆ ಅದು ದಾರಿ ಹುಡುಕಿಕೊಳ್ಳುತ್ತದೆ. ಪಟ್ಟಿಯನ್ನು ಹೊಟ್ಟೆ ತುಂಬಿ ತಲೆ ತಣ್ಣಗಿರುವಾಗಲೇ ಬರೆದಿಡು. ಕರ್ನಲ್ ಬಾಗಿಲಲ್ಲಿ ನಿಂತಾಗ ಪಟ್ಟಿ ಹೊಳೆಯುವುದಿಲ್ಲ.

ಕಪಾಟಿಗೆ ಬೀಗ ಹಾಕುವ ನಿನ್ನ ಪ್ರಯೋಗದ ಬಗ್ಗೆ ಹೆಚ್ಚು ಹೇಳಲಾರೆ, ಜನ ನೋಡುತ್ತಿದ್ದಾರೆ. ಸ್ಕ್ರೂಡ್ರೈವರ್ ಅಂದರೆ ಸಾಕಲ್ಲ?

ಬಿಂಜ್ ಆದ ಮರುದಿನ ಏನು ಮಾಡುತ್ತೀಯ ಅನ್ನುವುದರ ಮೇಲೇ ಎಲ್ಲ ನಿಂತಿದೆ. ನಿನ್ನೆ ತಿಂದದ್ದಕ್ಕೆ ಇವತ್ತು ಉಪವಾಸ ಅಂದರೆ ಚಕ್ರ ಅಲ್ಲಿಂದಲೇ ಮತ್ತೆ ತಿರುಗುತ್ತದೆ. ಹೊಟ್ಟೆ ಭಾರವಿದ್ದರೂ ಬೆಳಿಗ್ಗೆ ಎಂಟಕ್ಕೆ ತಿನ್ನಲೇಬೇಕು, ಬೇಕಾದರೆ ಸ್ವಲ್ಪ ಹಗುರವಾದದ್ದು. ಪ್ರಾಯಶ್ಚಿತ್ತದ ಓಟ ಬೇಡ. ವಾಂತಿ ಮಾಡುವ ಯೋಚನೆ ಬಂದರೆ ಇಷ್ಟು ನೆನಪಿರಲಿ: ತಿಂದದ್ದೆಲ್ಲ ಹೊರಗೆ ಬರುವುದಿಲ್ಲ. ಪದೇ ಪದೇ ಮಾಡಿದರೆ ಹಲ್ಲಿನ ಎನಾಮೆಲ್ ಸವೆಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಭೇದಿ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಸಾರವನ್ನು ಅದಕ್ಕೂ ಮೊದಲೇ ಸಣ್ಣ ಕರುಳು ಹೀರಿಕೊಂಡಿರುತ್ತದೆ. ಕಳೆದುಕೊಳ್ಳುವುದು ನೀರನ್ನು, ಲವಣವನ್ನು. ಇವು ಶುರುವಾಗಿದ್ದರೆ ಕಾಯಿಲೆಯ ಹೆಸರು ಬುಲಿಮಿಯಾ ಆಗಿರಬಹುದು. ಆಗ ನನ್ನ ಪತ್ರ ಮಡಚಿಟ್ಟು ವೈದ್ಯರ ಹತ್ತಿರ ಹೋಗು.

ತೂಕದ ಯಂತ್ರದ ಮೇಲೆ ವಾರಕ್ಕೆ ಒಂದೇ ದಿನ. ಒಂದು ಕಿಲೋ ಹೆಚ್ಚು, ಒಂದು ಕಿಲೋ ಕಡಿಮೆ ಅಂತ ದಿನದಿನದ ಏರಿಳಿತವೆಲ್ಲ ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ. ನಾಲ್ಕು ವಾರದ ಅಂಕಿ ಸಾಲಾಗಿಟ್ಟು ನೋಡಿದರೆ ಮಾತ್ರ ಏನಾದರೂ ಗೊತ್ತಾದೀತು. ಇನ್ನೊಂದು ಮಾತು ನಿನಗೆ ಹಿಡಿಸುವುದಿಲ್ಲ: ಈ ಚಿಕಿತ್ಸೆಯಲ್ಲಿ ಬಿಂಜ್ ಎಷ್ಟೋ ಜನರಿಗೆ ನಿಲ್ಲುತ್ತದೆ ಇಲ್ಲವೇ ಕಡಿಮೆಯಾಗುತ್ತದೆ, ತೂಕ ಬಹುಪಾಲು ಇದ್ದಲ್ಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸಹೊರಟರೆ ಎರಡೂ ಕೈಬಿಟ್ಟು ಹೋಗುತ್ತವೆ.

ಗಡಿಯಾರದ ಊಟ ಕೆಲವು ವಾರ ನಿಂತ ಮೇಲೆ ನಿಷೇಧದ ಪಟ್ಟಿಗೆ ಕೈ ಹಾಕು. ‘ಮುಟ್ಟಲೇಬಾರದು’ ಅಂದುಕೊಂಡ ತಿನಿಸುಗಳನ್ನೆಲ್ಲ ಬರೆದು, ಹೆದರಿಕೆಯ ಪ್ರಕಾರ ನಾಲ್ಕು ಗುಂಪು ಮಾಡು. ಹೆದರಿಕೆ ಕಡಿಮೆ ಇರುವ ಗುಂಪಿನಿಂದ ಒಂದನ್ನು ಆರಿಸಿ, ಮನಸ್ಸು ಸರಿಯಿರುವ ದಿನ, ಊಟದ ಜೊತೆಗೇ, ಜೊತೆಯಲ್ಲಿ ಯಾರಾದರೂ ಇರುವಾಗ, ಸ್ವಲ್ಪವೇ ತಿನ್ನು. ಒಂದೆರಡು ವಾರ ಬಿಟ್ಟು ಮುಂದಿನ ಗುಂಪು. ಐಸ್‌ಕ್ರೀಂ ನಿನಗೆ ನಾಲ್ಕನೇ ಗುಂಪು. ಬಟ್ಟಲಲ್ಲಿ, ಚಮಚದಲ್ಲಿ, ಹಗಲು ಹೊತ್ತಲ್ಲಿ. ಅದರ ಭಯ ಹೋಗುವವರೆಗೆ ಡಬ್ಬ ಮನೆಗೆ ತರಬೇಡ.

ಇದನ್ನೆಲ್ಲ ಒಬ್ಬನೇ ಮಾಡಬೇಕೆಂದಿಲ್ಲ. ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ಸಂಸ್ಥೆ ನೈಸ್‌ನ 2017ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಮೊದಲ ಹೆಜ್ಜೆಯೇ ಮಾರ್ಗದರ್ಶಕರ ನೆರವಿನ ಸ್ವ-ಸಹಾಯ: 16 ವಾರದಲ್ಲಿ ನಾಲ್ಕರಿಂದ ಒಂಬತ್ತು ಸಣ್ಣ ಭೇಟಿ, ಒಂದೊಂದು ಇಪ್ಪತ್ತು ನಿಮಿಷ. ನಾಲ್ಕು ವಾರವಾದರೂ ಉಪಯೋಗ ಕಾಣದಿದ್ದರೆ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಮೊದಲು ಗುಂಪಿನಲ್ಲಿ. ಬರೀ ಮಾತ್ರೆಯೊಂದನ್ನೇ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೂ ಅದರಲ್ಲಿದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಬದುಕೇ ಬೇಡ ಅನ್ನಿಸುತ್ತಿದ್ದರೆ ಒಂದು ದಿನವೂ ಕಾಯಬಾರದು.

ಇಷ್ಟು ಬರೆದು ಮುಗಿಸುವ ಅಂದಾಜಿತ್ತು. ಆದರೆ ಆ 5.30ರ ಸಾಲು ಬಿಡುತ್ತಿಲ್ಲ. ‘ಬೇಡ ಅಂದೆ. ಹೆಮ್ಮೆಯಾಯ್ತು.’

ನೀನು ಸೊರಗಿದಾಗ ಎಲ್ಲರ ಮುಂದೆ ಮೊದಲು ಭೇಷ್ ಅಂದವನು ನಾನು. ಶಿಸ್ತು ಅಂದರೆ ಇದು ಅಂದೆ. ಯಾರಾದರೂ ತಟ್ಟೆ ಮುಂದಿಟ್ಟಾಗ ನೀನು ಬೇಡ ಅಂದು ಪಡೆಯುತ್ತಿದ್ದ ಹೆಮ್ಮೆಯಲ್ಲಿ ಅರ್ಧ ನಾನು ಸಾಲ ಕೊಟ್ಟದ್ದು. ಅಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಅನ್ನಬಹುದಿತ್ತು. ಮೊನ್ನೆ ‘ಮತ್ತೆ ಆಯ್ತು’ ಅಂತ ಓದಿದಾಗ, ಅಯ್ಯೋ ಅನ್ನಿಸುವುದಕ್ಕೂ ಒಂದು ಅರೆಗಳಿಗೆ ಮೊದಲು, ಎದೆ ಹಗುರವಾಯಿತು. ನಿನ್ನ ಶಿಸ್ತಿನ ಪಕ್ಕದಲ್ಲಿ ನಿಂತು ನಿಂತು ಕುಳ್ಳನಾಗಿದ್ದೆ. ನೀನು ಬಿದ್ದದ್ದರಿಂದ ಒಂದಿಂಚು ಬೆಳೆದೆ. ನಿನಗೆ ಸಹಾಯ ಮಾಡಲು ಇಷ್ಟು ಉತ್ಸಾಹ ಎಲ್ಲಿಂದ ಬಂತು ಅಂತ ಆಗಿನಿಂದ ಹುಡುಕುತ್ತಿದ್ದೇನೆ. ಹುಡುಕಿದ ಕಡೆಯೆಲ್ಲ ಚೆನ್ನಾಗಿಲ್ಲ.

ಇದನ್ನು ಇಲ್ಲಿ ಬರೆಯುವ ಉದ್ದೇಶವಿರಲಿಲ್ಲ ಮಾರಾಯ. ಹೊಟ್ಟೆಯ ವಿಷಯ ಬರೆಯಲು ಕೂತು ಹೊಟ್ಟೆಕಿಚ್ಚಿನ ವಿಷಯಕ್ಕೆ ಜಾರಿದೆ. ಒಂದೇ ಡಿಪಾರ್ಟ್‌ಮೆಂಟು ಅಂದುಕೋ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ. ನಮ್ಮಿಬ್ಬರಲ್ಲಿ ಒಬ್ಬೊಬ್ಬ ಒಂದೊಂದರಲ್ಲಿ ಫೇಲು.

ನಾಳೆ ಎಂಟಕ್ಕೆ ತಿಂದ ಕೂಡಲೇ ಪುಟದ ಫೋಟೋ ಕಳಿಸು. ನಕ್ಷತ್ರ ಇದ್ದರೂ ಕಳಿಸು. ಭೇಷ್ ಅನ್ನುವುದಿಲ್ಲ, ಅಯ್ಯೋ ಅನ್ನುವುದಿಲ್ಲ. ಮುಂದಿನದು ಎಷ್ಟು ಗಂಟೆಗೆ ಅಂತ ಮಾತ್ರ ಕೇಳುತ್ತೇನೆ. ಕರ್ನಲ್ ಸಾಹೇಬರಿಗೆ ನನ್ನದೊಂದು ಸಲ್ಯೂಟ್.

ಹಾಂ, ಹಳದಿ ಡಬ್ಬದ ಮುಚ್ಚಳ ನನ್ನ ಹತ್ತಿರವೇ ಇದೆ.

ನಿನ್ನ,
ಬಾಯಿ ಮುಚ್ಚಲು ಬಾರದ ಗೆಳೆಯ