ಧಿಕ್ಕಾರಕ್ಕೆ ಒಂದೇ ಪಾರ್ಕು ಸಾಕೆ? ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನೊಬ್ಬ ನಿವೃತ್ತ ಬ್ಯಾಂಕ್ ನೌಕರ. ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲೇ ದುಡಿದು ತಲೆ ನರೆಸಿಕೊಂಡವನು. ಸಂಬಳದ ಮಾತುಕತೆ ಮುರಿದುಬಿದ್ದಾಗಲೆಲ್ಲ ಸಂಜೆ ಕೆಲಸ ಮುಗಿಸಿ ಮೈಸೂರು ಬ್ಯಾಂಕ್ ವೃತ್ತದಲ್ಲಿ ಅರ್ಧ ಗಂಟೆ ನಿಂತು ಧಿಕ್ಕಾರ ಕೂಗಿ, ಆಮೇಲೆ ಬಸ್ಸು ಹತ್ತುತ್ತಿದ್ದೆವು. ಕಿಟಕಿಯಿಂದ ಯಾರಾದರೂ ತಲೆ ಹೊರಗೆ ಹಾಕಿ 'ಏನ್ರೀ ನಿಮ್ ಗಲಾಟೆ?' ಅನ್ನುತ್ತಿದ್ದರು. ಒಂದು ಕರಪತ್ರ ಕೈಗಿಡುತ್ತಿದ್ದೆವು. ಬೈದವರೂ ಅದನ್ನು ಓದುತ್ತಿದ್ದರು. ಇವತ್ತು ಹಾಗೆ ನಿಂತರೆ ಕೇಸು.

2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ, ಅದೂ ಪೊಲೀಸರ ಅನುಮತಿ ಪಡೆದು. ಹೈಕೋರ್ಟು ಕೂಡ ಸಂಚಾರದ ತೊಂದರೆ ನೋಡಿ ಇದೇ ಮಾತು ಹೇಳಿತು. ಆ ತೊಂದರೆ ಸುಳ್ಳಲ್ಲ. 2017ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ರಸ್ತೆಯಲ್ಲೇ ಕೂತಾಗ ಆಟೋದಲ್ಲಿ ಸಿಕ್ಕಿಹಾಕಿಕೊಂಡು ಮನಸ್ಸಿನಲ್ಲೇ ಶಪಿಸಿದವರಲ್ಲಿ ನಾನೂ ಒಬ್ಬ, ಯೂನಿಯನ್ನಿನವನಾಗಿದ್ದೂ! ಆದರೆ ಅವರ ಗೌರವಧನ ಎಷ್ಟೆಂದು ನನಗೆ ಮೊದಲ ಸಲ ಗೊತ್ತಾದದ್ದೂ ಅವತ್ತೇ, ಆ ಆಟೋ ಚಾಲಕನ ಬಾಯಿಂದ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತಾಗ ಹೋಗಿದ್ದೆ. ಹಾಸಲು ಹಳೇ ಫ್ಲೆಕ್ಸು, ತಲೆಗೆ ಬಟ್ಟೆಗಂಟು, ಮೈಮೇಲೆ ತೆಳು ಶಾಲು. ವಿಜಯಪುರದ ಕಡೆಯ ಒಬ್ಬಾಕೆ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಾ ಕೇಳಿದಳು: "ಇಲ್ಲಿ ಒದರಿದ್ದು ಯಾರಿಗಿ ಕೇಳಸ್ತೈತ್ರೀ ಅಣ್ಣಾರ?" ಶೇಷಾದ್ರಿ ರಸ್ತೆಯ ಹಾರನ್ನು ಆಕೆಗೆ ಚೆನ್ನಾಗಿ ಕೇಳುತ್ತಿತ್ತು. ಆಕೆಯ ಕೂಗು ಆ ರಸ್ತೆಗೆ ಕೇಳುತ್ತಿರಲಿಲ್ಲ.

ಆ ಜಾಗ ಹಿಂದೆ ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಅಲ್ಲೇ ಇಟ್ಟಿದ್ದರು. ಕಾವಲು ಗೋಪುರ ಇನ್ನೂ ನಿಂತಿದೆ. ಪ್ರತಿಭಟಿಸುವವರೆಲ್ಲ ಅದರ ಕೆಳಗೇ ಬಂದು ಕೂರಬೇಕು, ಹೆಸರು ಮಾತ್ರ ಫ್ರೀಡಂ.

ಎಸ್.ಎಂ. ಕೃಷ್ಣ ಅವರ ಕಾಲದಿಂದಲೂ ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ಕೇಳುತ್ತಲೇ ಬಂದಿದ್ದೇವೆ. ರಸ್ತೆ, ಚರಂಡಿಯಲ್ಲಿ ಆಗಲಿಲ್ಲ, ಇದೊಂದರಲ್ಲಿ ಆಯಿತು. 2000ದ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಹಾಂಗ್ ಲಿಮ್ ಪಾರ್ಕಿನ ಒಂದು ಮೂಲೆಯನ್ನು 'ಭಾಷಣಕಾರರ ಮೂಲೆ' ಎಂದು ಗುರುತಿಸಿತು. ಮೊದಲೇ ಹೆಸರು ನೋಂದಾಯಿಸಬೇಕು, ಧರ್ಮದ ವಿಷಯ ಎತ್ತಕೂಡದು. ಪಾರ್ಕಿನ ಹೊರಗೆ ಅನುಮತಿಯಿಲ್ಲದೆ ಒಬ್ಬನೇ ನಿಂತರೂ ಅಲ್ಲಿನ ಕಾನೂನಿಗೆ ಅದು ಸಭೆ. 2020ರಲ್ಲಿ ನಗುಮುಖ ಬರೆದ ರಟ್ಟು ಹಿಡಿದು ಫೋಟೋ ತೆಗೆಸಿಕೊಂಡ ಒಬ್ಬರ ಮೇಲೆ ಕೇಸು ಬಿತ್ತು. ಅಲ್ಲಿಯದನ್ನು ಓದಿ ನಾವು ನಗುತ್ತೇವೆ. ನಮ್ಮಲ್ಲಿ ಟೌನ್ ಹಾಲ್ ಮೆಟ್ಟಿಲ ಮೇಲೆ ಹತ್ತು ಜನ ಮೇಣದಬತ್ತಿ ಹಿಡಿದರೆ ವ್ಯಾನು ಬರುತ್ತದಲ್ಲ, ಅದಕ್ಕೆ ಏನು ಮಾಡೋಣ?

ನಮ್ಮ ಈ ಆದೇಶ ನಿಮ್ಮ ಪಕ್ಷದವರನ್ನೂ ಬಿಟ್ಟಿಲ್ಲ, ಸ್ವಾಮಿ. 2022ರ ಏಪ್ರಿಲ್‌ನಲ್ಲಿ ಸಚಿವ ಈಶ್ವರಪ್ಪನವರ ರಾಜೀನಾಮೆ ಕೇಳಿ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳ ಮನೆಯತ್ತ ಹೊರಟಿದ್ದರು. ಕೇಸಾಯಿತು. 2024ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡದೆ 10,000 ರೂಪಾಯಿ ದಂಡ ಹಾಕಿತು, ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ದೊಡ್ಡವರಿಗೆ ದೆಹಲಿಯ ವಕೀಲರಿದ್ದಾರೆ. ಪೌರಕಾರ್ಮಿಕನಿಗೆ, ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಒಂದು ಎಫ್‌ಐಆರ್ ಎಂದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ.

ದೇವನಹಳ್ಳಿಯ ರೈತರು ಗೆದ್ದದ್ದು ಫ್ರೀಡಂ ಪಾರ್ಕಿನಲ್ಲಿ ಕೂತೇ ಅಲ್ಲವೇ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. 13 ಹಳ್ಳಿಗಳ 1,777 ಎಕರೆಯ ಭೂಸ್ವಾಧೀನ ಬೇಡವೆಂದು ಅವರು 2022ರ ಏಪ್ರಿಲ್‌ನಿಂದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ಧರಣಿ ಕೂತಿದ್ದರು. ಸಾವಿರ ದಿನ ಕಳೆದರೂ ರಾಜಧಾನಿ ತಲೆಯೆತ್ತಿ ನೋಡಲಿಲ್ಲ. 2025ರ ಜೂನ್ 25ರಂದು ಪೊಲೀಸರು ದೇವನಹಳ್ಳಿಯಲ್ಲಿ ಅವರನ್ನು ಎಳೆದು ಬಸ್ಸಿಗೆ ತುಂಬಿದ ದೃಶ್ಯ ಎಲ್ಲರ ಫೋನಿಗೂ ಬಂತು, ಪಾರ್ಕು ತುಂಬಿದ್ದು ಆಮೇಲೆ. ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

ಕರಗಕ್ಕೆ ರಸ್ತೆ ಬಿಡುತ್ತೇವೆ. ಮ್ಯಾರಥಾನ್‌ಗೆ, ಮಂತ್ರಿಗಳ ಕಾರಿಗೆ ಬಿಡುತ್ತೇವೆ. ದೆಹಲಿಯ ಜಂತರ್ ಮಂತರ್‌ನ ಪ್ರತಿಭಟನೆಗಳ ವಿಷಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಸಂಪೂರ್ಣ ನಿಷೇಧ ಸಲ್ಲದು ಎಂದಿತ್ತು. ನಾನು ರಸ್ತೆ ತಡೆಯಲು ಅಪ್ಪಣೆ ಕೇಳುತ್ತಿಲ್ಲ. ಟೌನ್ ಹಾಲ್, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆ, ಇಲ್ಲೆಲ್ಲ ವಾಹನಗಳಿಗೆ ಅಡ್ಡ ಬರದೆ ಒಂದೆರಡು ಗಂಟೆ ನಿಲ್ಲಲು ಬಿಡಿ. ಸಣ್ಣ ಗುಂಪಿಗೆ ಅನುಮತಿಯ ಬದಲು ಠಾಣೆಗೊಂದು ಮಾಹಿತಿ ಪತ್ರ ಸಾಕು ಎಂದು ಆದೇಶ ತಿದ್ದಿ. ಹೈಕೋರ್ಟಿನ ಮುಂದೆಯೂ ಸರ್ಕಾರ ಇದನ್ನೇ ಹೇಳಲಿ. ಶಾಂತಿಯುತವಾಗಿ ನಿಂತವರ ಮೇಲೆ ಹಾಕಿದ ಕೇಸುಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಅದಕ್ಕೂ ಮುಂಚೆ ಒಂದು ದಿನ ಬೆಂಗಾವಲು ಬಿಟ್ಟು ಶೇಷಾದ್ರಿ ರಸ್ತೆಗೆ ಬನ್ನಿ. ಪಾರ್ಕಿನ ಒಳಗೆ ಬರಬೇಡಿ. ರಸ್ತೆಯ ಆಚೆ ಬದಿ ನಿಂತು, ಒಳಗೆ ಕೂತವರು ಏನು ಕೇಳುತ್ತಿದ್ದಾರೆಂದು ನನಗೆ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಮತದಾರ