ಬಿಟ್ಟುಹೋದ ಒಂದು ಎಲ್

ಪುಟ್ಟೀ,

ಭಾನುವಾರ ಫೋನಿನಲ್ಲಿ ನಾನು ಆಡಿದ್ದನ್ನು ಮತ್ತೆ ಬರೆಯುವುದಿಲ್ಲ. ನೀನು ಮರೆತಿರುವುದಿಲ್ಲ. ನಾಲ್ಕು ದಿನದಿಂದ ಅಮ್ಮ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಾಳೆ.

ಮೊಮ್ಮಗಳಿಗೆ ನಮ್ಮಮ್ಮನ ಹೆಸರು ಇಡುತ್ತೀರಿ ಅಂತ ಕಾದಿದ್ದೆ. ‘ಲಿನ್ನೇಯ’ ಅಂದಾಗ ಇದು ಅಳಿಯಂದಿರ ಕಡೆಯ ಹೆಸರು ಅಂದುಕೊಂಡೆ. ‘ನಾನೇ ಆರಿಸಿದ್ದು ಅಪ್ಪಾ, ನೀವೇ ಕಲಿಸಿದ್ದು’ ಅಂದೆ ನೀನು. ನಾನು ಕೇಳಿಸಿಕೊಂಡರೆ ತಾನೇ! 31 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಅದು ಹೊಳೆದದ್ದು ಮರುದಿನ, ತುಳಸಿಗೆ ನೀರು ಹಾಕುವಾಗ. ತುಳಸಿ, ಮಾವು, ಹುಣಸೆ, ತೆಂಗು, ಕರಿಮೆಣಸು, ಇವೆಲ್ಲದರ ಲ್ಯಾಟಿನ್ ಹೆಸರಿನ ಕೊನೆಗೆ ಒಂದು ಎಲ್ ಇದೆ. ಹೆಸರಿಟ್ಟವನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ ಅಂತ ಅದರ ಅರ್ಥ. ಆ ಎಲ್ ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೇನೋ.

ಆಗ ನಿನ್ನ ಹರ್ಬೇರಿಯಂ, ಒಣಗಿಸಿದ ಗಿಡಗಳನ್ನು ಅಂಟಿಸುವ ಆ ಪುಸ್ತಕ, ನೆನಪಾಯಿತು. ಮುಟ್ಟಿದರೆ ಮುನಿ ಗಿಡದ ಹಾಳೆ. ಎಷ್ಟು ಚೆಂದ ಒಣಗಿಸಿದ್ದೆ, ಒಂದು ಎಲೆಯೂ ಮಡಚಿರಲಿಲ್ಲ. ಚೀಟಿಯಲ್ಲಿ ‘ಮಿಮೋಸ ಪ್ಯುಡಿಕ’ ಅಂತ ಬರೆದು ಎಲ್ ಬಿಟ್ಟಿದ್ದೆ. ಬೇರೆ ಮಕ್ಕಳೂ ಬಿಟ್ಟಿದ್ದರು. ಅವರಿಗೆ ಸಹಿ ಹಾಕಿದೆ, ನಿನಗೆ ಹಾಕಲಿಲ್ಲ. ಮೇಷ್ಟ್ರ ಮಗಳು ಅಂತ ಯಾರೂ ಆಡಿಕೊಳ್ಳಬಾರದು ಅಂತ. ಹಾಳೆಯನ್ನು ಎಲ್ಲರೆದುರು ಮೇಲೆತ್ತಿ ತೋರಿಸಿದೆ. ಮಗಳು ಅಂತ ಅಲ್ವಾ ಅಷ್ಟು ಸಲೀಸಾಗಿ ಮಾಡಿದ್ದು? ಎಲ್ ಬರೆಯಬೇಕು ಅನ್ನುವುದು ಈಗಲೂ ಸರಿಯೇ. ಹಾಳೆ ಎತ್ತಿ ತೋರಿಸಿದ್ದು ತಪ್ಪು. ಆ ರಾತ್ರಿ ನೀನು ಊಟ ಮಾಡಲಿಲ್ಲ. ನಾನೂ ಕರೆಯಲಿಲ್ಲ. ಒಂದು ಅಕ್ಷರ ಬಿಟ್ಟದ್ದಕ್ಕೆ ಈಗ ಇಡೀ ಹೆಸರನ್ನೇ ಮಗುವಿಗೆ ಇಟ್ಟುಬಿಟ್ಟೆಯಾ? ಸುಮ್ನೆ ಕೇಳಿದೆ.

ನಿನ್ನೆ ಅಟ್ಟ ಹತ್ತಿ ಆ ಪುಸ್ತಕ ಹುಡುಕಿದೆ. ಗೆದ್ದಲು ತಿಂದಿದೆ.

ಸರಿ, ಹೆಸರಿಗೆ ಬರುತ್ತೇನೆ. ಲಿನೇಯಸ್ಸನ ಅಪ್ಪ ನೀಲ್ಸ್ ಇಂಗೆಮಾರ್ಸನ್, ಅಂದರೆ ಇಂಗೆಮಾರನ ಮಗ ಅಷ್ಟೇ. ಮನೆತನದ ಹೆಸರು ಇರಲಿಲ್ಲ. ಲುಂಡ್ ವಿಶ್ವವಿದ್ಯಾಲಯ ಸೇರುವಾಗ ಒಂದು ಬೇಕಾಯಿತು. ಸ್ವೀಡನ್ನಿನ ಸ್ಮೋಲಾಂಡ್ ಸೀಮೆಯಲ್ಲಿ ಅವರ ಜಮೀನಿನಲ್ಲಿ ದೊಡ್ಡ ಲಿಂಡನ್ ಮರವಿತ್ತು, ಆ ಕಡೆಯ ಮಾತಿನಲ್ಲಿ ‘ಲಿನ್’. ಅದರಿಂದ ಲಿನೇಯಸ್ ಅಂತ ಮಾಡಿಕೊಂಡ. ಇದನ್ನು ಅಮ್ಮನಿಗೆ ಹೇಳಿದೆ. ‘ನಿಮ್ಮ ಹುಣಸೇಮನೆಯೂ ಮರದ್ದೇ ಅಲ್ವಾ, ಅದಕ್ಕೆ ಯಾಕೆ ಅಷ್ಟು ಕೂಗಾಡಿದಿರಿ’ ಅಂದಳು.

ಆಮೇಲೆ ಹೂವು. ಉತ್ತರದ ಕಾಡುಗಳಲ್ಲಿ ನೆಲಕ್ಕಂಟಿ ಹಬ್ಬುವ ಪುಟ್ಟ ಬಳ್ಳಿ ಅದು. ಒಂದೇ ದಂಟು ಮೇಲೆ ಕವಲೊಡೆದು ಎರಡು ನಸುಗೆಂಪು ಗಂಟೆಹೂ. ಹಾಲೆಂಡಿನ ಲೈಡನ್ ಊರಿನ ಸಸ್ಯಶಾಸ್ತ್ರಜ್ಞ ಗ್ರೊನೋವಿಯಸ್ ಅದಕ್ಕೆ ಗೆಳೆಯನ ಹೆಸರಿಟ್ಟ: ಲಿನ್ನೇಯ ಬೊರಿಯಾಲಿಸ್. ಬೊರಿಯಾಲಿಸ್ ಅಂದರೆ ಉತ್ತರದ್ದು. ಲಿನೇಯಸ್ಸನಿಗೆ ಖುಷಿಯೋ ಖುಷಿ. 1737ರ ಚಿತ್ರದಲ್ಲಿ ಲ್ಯಾಪ್‌ಲ್ಯಾಂಡಿನ ಉಡುಪು ತೊಟ್ಟು, ಕೈಯಲ್ಲಿ ಆ ಹೂವನ್ನೇ ಹಿಡಿದು ನಿಂತಿದ್ದಾನೆ. ತನ್ನಂತೆಯೇ ಯಾರ ಕಣ್ಣಿಗೂ ಬೀಳದ ಬಡ ಗಿಡ ಅಂತ ಬರೆದುಕೊಂಡ. ಅವನ ವಿನಯ ನಾನು ನಂಬುವುದಿಲ್ಲ. ಹೂವು ಮಾತ್ರ ನಿಜವಾಗಿಯೂ ಪುಟ್ಟದು.

ನಿಮ್ಮ ಸ್ವೀಡನ್ನಿನಲ್ಲಿ ಮಗುವಿನ ಹೆಸರನ್ನು ಮೂರು ತಿಂಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕಂತೆ. (ತೆರಿಗೆಗೂ ಹೆಸರಿಗೂ ಏನು ಸಂಬಂಧವೋ!) ಕೊನೇ ದಿನದವರೆಗೆ ಕಾಯಬೇಡ. ಅವರ ಲಿಪಿಯಲ್ಲಿ ಹೆಸರಿನ ‘ಇ’ (e) ಮೇಲೆ ಸಣ್ಣ ಗೀಟು ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಯಾವುದಾದರೂ ಒಂದನ್ನೇ ಹಿಡಿ. ಪಾಸ್‌ಪೋರ್ಟಿನಲ್ಲಿ ಒಂದು, ಬೇರೆ ಕಾಗದದಲ್ಲಿ ಇನ್ನೊಂದು ಆದರೆ ಮುಂದೆ ಒದ್ದಾಡುವವಳು ಅವಳು. ಮಗು ನಡೆಯುವಂತಾದ ಮೇಲೆ ಜೂನ್, ಜುಲೈನಲ್ಲಿ ಕಾಡಿಗೆ ಕರೆದುಕೊಂಡು ಹೋಗಿ ಹೂ ತೋರಿಸು. ಬಗ್ಗಿ ಮೂಸಲಿ. ಕೀಳುವುದು ಬೇಡ. ನೋಡು, ಮತ್ತೆ ಪಾಠ ಶುರುವಾಯಿತು.

ಸ್ವೀಡನ್ನಿನ ಪಂಚಾಂಗದಲ್ಲಿ ಲಿನ್ನೇಯ ಹೆಸರಿನ ದಿನ ಮೇ 13. ಹಳೆಯ ಲೆಕ್ಕದಲ್ಲಿ ಲಿನೇಯಸ್ ಹುಟ್ಟಿದ ದಿನವೂ ಅದೇ, 1707ರಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಹೆಸರು ಬಾಯಿಗೆ ಕೂರಲಿ ಅಂತ ಹಿತ್ತಲಲ್ಲಿ ಒಬ್ಬನೇ ಹೇಳಿಕೊಳ್ಳುತ್ತೇನೆ. ಪಕ್ಕದ ಮನೆಯವರು ಯಾರನ್ನು ಕರೆಯುತ್ತಿದ್ದೀರಿ ಅಂತ ಕೇಳಿದರು.

ಈ ಭಾನುವಾರ ಫೋನ್ ಮಾಡು. ಅಮ್ಮನ ನಂಬರಿಗಲ್ಲ, ನನ್ನದಕ್ಕೆ. ಮಗುವಿನ ಕಿವಿಯ ಹತ್ತಿರ ಹಿಡಿ. ಮೂರು ಸಲ ಹೇಳಬೇಕು.

ಅಪ್ಪ